ರಾಜನ ಮುಖದ ಮೇಲಿನ ಗೀರು

ಚೆನ್ನಯ್ಯ ಮಾವ ತನ್ನ ಲಗೇಜ್ ಆಟೋ ಮಾರುತ್ತೇನೆ ಅಂದದ್ದು ಸಂಕ್ರಾಂತಿಯ ಮಾರನೇ ದಿನ. ಆ ಆಟೋವನ್ನು ಅಪ್ಪ ಒಂಬತ್ತು ವರ್ಷದಿಂದ ಓಡಿಸುತ್ತಿದ್ದ. ಹೊಳೆನರಸೀಪುರದಲ್ಲಿ ತೆಂಗಿನಕಾಯಿ, ಸಿಮೆಂಟು, ಮದುವೆ ಮನೆಯ ಕುರ್ಚಿ, ಏನು ಸಿಕ್ಕಿದರೆ ಅದನ್ನು ಹೇರಿಕೊಂಡು ಹೋಗುವುದು, ಸಂಜೆ ಬಾಡಿಗೆಯಲ್ಲಿ ಅರ್ಧ ಚೆನ್ನಯ್ಯ ಮಾವನ ಕೈಗೆ ಕೊಟ್ಟು ಮನೆಗೆ ಬರುವುದು. ಮಾವ ನಮ್ಮ ನೆಂಟನಲ್ಲ. ಎರಡು ಬೀದಿ ಆಚೆ ಇರುವವನು, ಕರೆದು ಕರೆದು ಮಾವ ಆದವನು.

"ಒಂದು ನಲವತ್ತಕ್ಕೆ ನಿಂಗೇ ಕೊಡ್ತೀನಿ ಕಣ್ಲಾ ಅರುಣ," ಅಂತ ಅಪ್ಪನಿಗೆ ಅಂದಿದ್ದನಂತೆ. "ಚನ್ನರಾಯಪಟ್ಟಣದೋನೊಬ್ಬ ಒಂದು ನಲವತ್ತೈದು ಅಂತವ್ನೆ. ಶಿವರಾತ್ರಿ ಗಂಟ ಕಾಯ್ತೀನಿ. ಆಮೇಲೆ ನನ್ನ ಅನ್ಬೇಡ."

ಒಂದು ಲಕ್ಷದ ನಲವತ್ತು ಸಾವಿರ. ಅಪ್ಪನ ಹತ್ತಿರ ಇದ್ದದ್ದು ಇಪ್ಪತ್ತೈದು. ಚನ್ನರಾಯಪಟ್ಟಣದವನು ಆಟೋ ತಗೊಂಡರೆ ಅವನೇ ಓಡಿಸುತ್ತಾನೆ; ಅಪ್ಪ ಐವತ್ತೊಂದನೇ ವಯಸ್ಸಿನಲ್ಲಿ ಇನ್ನೊಬ್ಬ ಓನರನ್ನು ಹುಡುಕಬೇಕು, ಇಲ್ಲವೇ ಲೋಡು ಇಳಿಸುವ ಕೂಲಿಗೆ ನಿಲ್ಲಬೇಕು. ಅಪ್ಪ ಇದನ್ನೆಲ್ಲ ಬಿಡಿಸಿ ಹೇಳಲಿಲ್ಲ. ಮುದ್ದೆ ಮುರಿಯುತ್ತಾ, "ನೋಡಾಣ," ಅಂದ ಅಷ್ಟೆ. ಅಪ್ಪ 'ನೋಡಾಣ' ಅಂದರೆ ನೋಡಲು ಏನೂ ಉಳಿದಿಲ್ಲ ಅಂತ ಅರ್ಥ.

ಅಜ್ಜಿ ಅರ್ಧ ಊಟದಲ್ಲೇ ಎದ್ದು ಒಳಗೆ ಹೋದಳು. ಟ್ರಂಕಿನ ಹಿಂದಿನಿಂದ ಹಾಲಿನಪುಡಿಯ ಹಳೆಯ ಡಬ್ಬವೊಂದನ್ನು ತಂದು ಚಾಪೆಯ ಮೇಲೆ ಸುರಿದಳು. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಗಳು. ಕಪ್ಪು ಹಿಡಿದು ಮಂಕಾಗಿದ್ದರೂ ಬೀಳುವಾಗಿನ ಸದ್ದು ಮಾತ್ರ ಚೊಕ್ಕವಾಗಿತ್ತು.

"ನಲವತ್ಮೂರು ಅವೆ. ಮಾರ್ಕೊ," ಅಂದಳು.

"ಅವ್ವಾ, ನಿನ್ನ ಮಣ್ಣಿಗೆ ಅಂತ ಮಡಗಿದ್ದಲ್ವಾ ಇವು?"

"ಸತ್ತಾಗ ನಿನ್ನ ಆಟೋದಲ್ಲೇ ಒಯ್ಯುವಂತೆ. ವ್ಯಾನಿನ ಬಾಡಿಗೆ ಉಳೀತದೆ."

ಅಡುಗೆಮನೆಯಿಂದ ಅಮ್ಮ, "ಊಟದ ಹೊತ್ನಲ್ಲಿ ಎಂಥಾ ಮಾತು ಅತ್ತೆ," ಅಂತ ಬೈದಳು. ಅಪ್ಪ ನಕ್ಕ. ಅವತ್ತು ಅವನು ನಕ್ಕದ್ದು ಅದೊಂದೇ ಸಲ.

ಅಜ್ಜಿ ಸೂಲಗಿತ್ತಿ. ಮೂವತ್ತು ವರ್ಷ ಸುತ್ತಮುತ್ತಲ ಊರುಗಳಲ್ಲಿ ಹೆರಿಗೆ ಮಾಡಿಸಿದವಳು. ಬಡವರ ಮನೆಯಲ್ಲಿ ಅಕ್ಕಿ, ಬೆಲ್ಲ, ಒಂದು ಕುಪ್ಪಸದ ಬಟ್ಟೆ. ಇದ್ದವರ ಮನೆಯಲ್ಲಿ ಒಂದು ಬೆಳ್ಳಿ ರೂಪಾಯಿ. ಆ ರೂಪಾಯಿಗಳೇ ಇವು ಅಂತ ನನಗೆ ಗೊತ್ತಿತ್ತು. ಕಣ್ಣಿಂದ ನೋಡಿದ್ದು ಅವತ್ತೇ ಮೊದಲು.

"ಯಾವಾಗ ಮಾರ್ಬೇಕು ಅನ್ನೋದ ಕವನ ಹೇಳ್ಲಿ," ಅಂದಳು ಅಜ್ಜಿ. "ಬೆಳ್ಳಿ ರೇಟು ದಿನಕ್ಕೊಂದು ತರಾ ಆಯ್ತದಂತೆ. ಈ ಮನೇಲಿ ಓದಿರೋಳು ಅವಳೊಬ್ಳೇ."

ಕವನ ಅಂದರೆ ನಾನು. ಬಿ.ಎ. ಮುಗಿಸಿ ಎರಡು ವರ್ಷವಾಗಿತ್ತು. ಬೀದಿಯ ನಾಲ್ಕು ಮಕ್ಕಳಿಗೆ ಪಾಠ ಹೇಳಿಕೊಂಡು ಮನೆಯಲ್ಲೇ ಇದ್ದೆ. ಅಂಗಡಿಗೆ ಹೋದರೆ ಉಳಿದವರೆಲ್ಲ ಕೇಳಿ ಮುಗಿಯುವವರೆಗೂ ಬಾಗಿಲಲ್ಲಿ ನಿಂತಿರುವವಳು ನಾನು. ಆದರೆ ನಾಣ್ಯದ ವಿಷಯ ಸ್ವಲ್ಪ ಗೊತ್ತಿತ್ತು. ಹಾಸನದ ವಸ್ತುಪ್ರದರ್ಶನದಲ್ಲಿ ಅರಕಲಗೂಡಿನ ದೊಡ್ಡಯ್ಯ ಮೇಷ್ಟ್ರು ಹಳೆಯ ನಾಣ್ಯಗಳ ಮೇಜು ಹಾಕಿಕೊಂಡು ಕೂತಿರುತ್ತಾರೆ. ಅವರ ಬಳಿ ಹತ್ತು ರೂಪಾಯಿಯ ವಿಶೇಷ ನಾಣ್ಯಗಳನ್ನು ಒಂದೆರಡು ಸಲ ಕೊಂಡಿದ್ದೆ. ಅವರ ವಾಟ್ಸಾಪ್ ಗುಂಪಿನಲ್ಲೂ ಇದ್ದೆ. ಎಲ್ಲ ಓದುತ್ತಿದ್ದೆ, ಒಂದಕ್ಷರ ಬರೆದವಳಲ್ಲ.

ಮಾರನೇ ದಿನ ಅಪ್ಪ ಹಾಸನದ ಕಾಂತರಾಜು ಅವರ ಬೆಳ್ಳಿ ಅಂಗಡಿಗೆ ಫೋನ್ ಮಾಡಿದ. "ನಮಗೆ ರಾಜನೂ ಬೇಡ, ರಾಣಿನೂ ಬೇಡ," ಅಂದರಂತೆ ಅವರು. "ಕರಗಿಸೋಕೆ ತಗೊಳ್ಳೋದು. ಇವತ್ತು ಒಂದಕ್ಕೆ ಎರಡು ಸಾವಿರದ ಮುನ್ನೂರು." ಕೂಡಿ ನೋಡಿದರೆ, ಅಪ್ಪನ ಇಪ್ಪತ್ತೈದು ಸಾವಿರ ಸೇರಿಸಿದರೂ ಹದಿನಾರು ಸಾವಿರ ಕಡಿಮೆ ಬೀಳುತ್ತಿತ್ತು.

"ಕಾಯೋಣ ಅಪ್ಪಾ. ಏರ್ತಾ ಇದೆ," ಅಂದೆ. ಅಷ್ಟರ ಮಟ್ಟಿಗೆ ನಾನು ಹೇಳಿದ್ದು ಸರಿಯಾಗೇ ಇತ್ತು.

ಡಬ್ಬ ನನ್ನ ಬಳಿಗೆ ಬಂತು. ಮಕ್ಕಳು ಪಾಠ ಮುಗಿಸಿ ಹೋದ ಮೇಲೆ, ಹೊಸ್ತಿಲ ಬೆಳಕಿನಲ್ಲಿ ಕೂತು ಒಂದೊಂದನ್ನೇ ತಿರುಗಿಸಿ ನೋಡುತ್ತಿದ್ದೆ. ಒಂದು ಕಡೆ ಇಸವಿ, ಬಳ್ಳಿ, ಇಂಗ್ಲಿಷ್ ಅಕ್ಷರ, ಉರ್ದು ಅಕ್ಷರ. ಇನ್ನೊಂದು ಕಡೆ ಕಿರೀಟದ ರಾಜ, ಕೆಲವುಗಳಲ್ಲಿ ರಾಣಿ. ಮುಖದ ಕಡೆ ಪ್ರತಿಯೊಂದರಲ್ಲೂ ಒಂದು ಗೀರು ಇತ್ತು. ಕೆಲವುಗಳಲ್ಲಿ ದಪ್ಪ, ಕೆಲವುಗಳಲ್ಲಿ ಕೂದಲಿನಷ್ಟು ತೆಳು. ಬೆಳ್ಳಿಯೋ ಸೀಸವೋ ಅಂತ ಯಾವುದೋ ಕಾಲದ ಅಂಗಡಿಯವರು ಕೆರೆದು ನೋಡಿರಬೇಕು ಅಂದುಕೊಂಡೆ. ಅಜ್ಜಿ ಮೂರು ಮಾರು ದೂರದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಕೇಳಬಹುದಿತ್ತು. ಕೇಳಲಿಲ್ಲ.

ನಾಲ್ಕನೇ ದಿನ ಆ ರೂಪಾಯಿ ಕೈಗೆ ಬಂತು. ಇಸವಿ ೧೯೧೧.

ಅದರ ಕತೆಯನ್ನು ಗುಂಪಿನಲ್ಲಿ ಓದಿದ್ದೆ. ಆ ವರ್ಷದ ರೂಪಾಯಿಯಲ್ಲಿ ಐದನೇ ಜಾರ್ಜ್ ರಾಜನ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇದೆ. ಸೊಂಡಿಲು ಎಷ್ಟು ಗಿಡ್ಡವೆಂದರೆ ಜನ ಅದನ್ನು ಹಂದಿ ಅಂದರು. ಗಲಾಟೆಯಾಯಿತು, ಸರ್ಕಾರ ಬಹುಪಾಲು ವಾಪಸ್ ಪಡೆದು ಕರಗಿಸಿತು. ಅದಕ್ಕೇ ಉಳಿದ ಹಂದಿ ರೂಪಾಯಿಗೆ ಬೆಲೆ. ಅಕ್ಷರದ ಕಡೆ ಫೋಟೋ ತೆಗೆದು ಮೇಷ್ಟ್ರಿಗೆ ಕಳಿಸಿದೆ. ಸಂಜೆ ಉತ್ತರ ಬಂತು. "ಈ ಕಡೆ ಬಹಳ ಚೆನ್ನಾಗಿದೆ. ಇಪ್ಪತ್ತು, ಇಪ್ಪತ್ತೆರಡು ಸಾವಿರ ಬಾಳಬಹುದು. ಮುಖದ ಕಡೆ ನೋಡದೆ ಹೇಳಲಾರೆ. ಫೋಟೋ ಕಳಿಸಿ. ಇಲ್ಲ, ಮುಂದಿನ ವಾರ ಕಳೆದು ಭಾನುವಾರ ಮನೆಗೆ ಬನ್ನಿ."

ಮುಖದ ಕಡೆಯ ಫೋಟೋ ತೆಗೆದೆ. ಕಳಿಸಲಿಲ್ಲ. "ಭಾನುವಾರ ಬರುತ್ತೇವೆ ಸರ್" ಅಂತ ಬರೆದೆ.

ಒಂದು ವಾರಕ್ಕೆ ಕಾಂತರಾಜು ಅವರ ರೇಟು ಎರಡು ಸಾವಿರದ ಏಳುನೂರಾಯಿತು. ಅಪ್ಪ ಆಟೋದ ಹಿಂಬದಿಯಲ್ಲಿ ಕೂತು ಬೆರಳು ಮಡಚಿ ಲೆಕ್ಕ ಹಾಕಿದ. "ಒಂದು ಲಕ್ಷದ ಹದಿನಾರು. ನಂದು ಇಪ್ಪತ್ತೈದು. ಆಯ್ತಲ್ಲ ಮಗಾ! ನಾಳೆ ಓಗಿ ಕೊಟ್ಬುಡಾಣ."

"ಒಂದು ರೂಪಾಯಿಗೇ ಇಪ್ಪತ್ತು ಸಾವಿರ ಬರಬಹುದು ಅಪ್ಪಾ. ಮೇಷ್ಟ್ರು ಹೇಳಿದ್ದಾರೆ. ಭಾನುವಾರದ ತನಕ ತಾಳಿ."

"ಆ ಒಂದ ಮಡಿಕ್ಕೊ. ಉಳಿದದ್ದ ಕೊಟ್ಬುಡಾಣ."

ಅಪ್ಪ ಹೇಳಿದ್ದೇ ಸರಿ. ಅವತ್ತೂ ಅದು ನನಗೆ ಗೊತ್ತಿತ್ತು. ಆದರೂ, "ಇದರಲ್ಲಿ ಇನ್ನೂ ಅಂಥವು ಇರಬಹುದು, ಎಲ್ಲ ಒಟ್ಟಿಗೆ ತೋರಿಸಬೇಕು," ಅಂದೆ. ಅಪ್ಪ ತಲೆಯಾಡಿಸಿದ. ಓದಿದವಳು ಹೇಳುತ್ತಿದ್ದಾಳಲ್ಲ.

ಆಮೇಲೆ ಬೆಳ್ಳಿ ಹುಚ್ಚು ಹಿಡಿದಂತೆ ಏರಿತು. ಮೂರು ಸಾವಿರ. ಮುಂದಿನ ಗುರುವಾರ ಮೂರು ಸಾವಿರದ ಇನ್ನೂರು. ನನ್ನ ದಿನಚರಿಯ ಆ ಪುಟಗಳಲ್ಲಿ ಬೇರೆ ಏನೂ ಇಲ್ಲ, ಬರೀ ರೇಟು. ಅಪ್ಪ ಮಧ್ಯಾಹ್ನ ಮಧ್ಯಾಹ್ನವೇ ಫೋನ್ ಮಾಡಿ, "ಕವನಾ, ಒಂದು ಅರವತ್ತು ದಾಟ್ತದಲ್ಲೇ ಎಲ್ಲಾ ಸೇರಿದ್ರೆ!" ಅಂದ. ಹಿಂದೆ ಲಾರಿಯ ಹಾರನ್ ಕೇಳುತ್ತಿತ್ತು. ಅವನು ಮಾರೋಣ ಅಂತ ಕೇಳಲಿಲ್ಲ. ನಾನು ಹೇಳಲಿ ಅಂತ ಕಾಯುತ್ತಿದ್ದ. "ಭಾನುವಾರ ಅಪ್ಪಾ," ಅಂದೆ.

ಶುಕ್ರವಾರ ಬೆಳ್ಳಿ ಬಿತ್ತು. ಶನಿವಾರ ಇನ್ನೂ ಬಿತ್ತು. ಕಾಂತರಾಜು ಅವರು ಎರಡು ಸಾವಿರದ ನಾನೂರು ಅಂದರು. ಈಗ ಹಂದಿಯೊಂದೇ ದಾರಿ ಅಂದುಕೊಂಡೆ. ಆ ಇಪ್ಪತ್ತು ಸಾವಿರ ಬಂದರೆ ಲೆಕ್ಕ ಸರಿಯಾಗುತ್ತದೆ.

ಭಾನುವಾರ ಅಜ್ಜಿಯೂ ನಾನೂ ಅರಕಲಗೂಡಿನ ಬಸ್ಸು ಹತ್ತಿದೆವು. ಡಬ್ಬವನ್ನು ಅಜ್ಜಿ ಸೆರಗಿನಲ್ಲಿ ಮಡಿಲಿಗೆ ಕಟ್ಟಿಕೊಂಡಿದ್ದಳು. ಕಂಡಕ್ಟರು, "ಏನಜ್ಜಿ, ಹಾಲಿನಪುಡಿನಾ?" ಅಂದ. "ಊಂ, ಮೊಮ್ಮಗಳಿಗೆ," ಅಂದಳು.

ದೊಡ್ಡಯ್ಯ ಮೇಷ್ಟ್ರು ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದವರು. ಗೋಡೆಯ ತುಂಬ ಅವರದೇ ಚಿತ್ರಗಳು, ಮೇಜಿನ ತುಂಬ ಆಲ್ಬಮ್ಮು. ಅವರ ಹೆಂಡತಿ ಹೊನ್ನಕ್ಕ ಕಾಫಿ ತಂದು, "ನೀವು ಕೊಳ್ಳೋಕ್ ಬಂದೋರಾ, ಮಾರೋಕ್ ಬಂದೋರಾ?" ಅಂತ ಕೇಳಿದರು.

"ಮಾರೋಕೆ," ಅಂದೆ.

"ಅಯ್ಯೋ, ಕೊಳ್ಳೋಕ್ ಬಂದ್ರೆ ಒಂಚೂರು ಜಾಗ ಖಾಲಿ ಆಗ್ತಿತ್ತು."

"ಸುಮ್ನಿರೇ," ಅಂದ ಮೇಷ್ಟ್ರು ಹಂದಿ ರೂಪಾಯಿಯನ್ನು ಅಂಚಿನಲ್ಲಿ ಹಿಡಿದು ಎತ್ತಿಕೊಂಡರು. ಅಕ್ಷರದ ಕಡೆ ನೋಡಿ, "ಆಹಾ," ಅಂದರು. ತಿರುಗಿಸಿದರು. ಭೂತಗನ್ನಡಿ ತಂದರು. ಉಳಿದವನ್ನೂ ಒಂದೊಂದಾಗಿ ಮಗುಚಿ ನೋಡಿದರು. ನಾನು ಅವರ ಮುಖ ನೋಡಲಾರದೆ ಕಾಫಿ ಲೋಟ ನೋಡುತ್ತಿದ್ದೆ.

"ಯಾರಮ್ಮ ಇದನ್ನೆಲ್ಲ ಗೀರಿದ್ದು? ಒಂದನ್ನೂ ಬಿಟ್ಟಿಲ್ವಲ್ಲ!"

"ನಾನೇ," ಅಂದಳು ಅಜ್ಜಿ.

ನಾನು ತಲೆ ಎತ್ತಿದೆ.

"ನಾನು ಸೂಲಗಿತ್ತಿ ಸಾ. ಮಗಾ ಉಟ್ಟಿದ ಮ್ಯಾಲೆ ಒಕ್ಳುಬಳ್ಳಿ ಕುಯ್ಬೇಕಲ್ಲ, ಅಡೀಲಿ ಗಟ್ಟಿಯಾಗಿ ಏನಾರ ಬೇಕು. ಮನೆಯೋರು ರೂಪಾಯಿ ತೊಳ್ದು ಕೊಡೋರು. ಅದರ ಮ್ಯಾಲೆ ಬಳ್ಳಿ ಮಡಗಿ ಕುಯ್ಯೋದು. ಆಮೇಕೆ ಆ ರೂಪಾಯಿ ಸೂಲಗಿತ್ತೀದು. ಮೊದ್ಲು ಕುಡ್ಲಲ್ಲಿ ಕುಯ್ತಿದ್ದೆ, ದಪ್ಪದ ಗೀರು ಅದು. ಆಮೇಲೆ ನರ್ಸಮ್ಮ ಬ್ಲೇಡು ಕೊಟ್ರು."

ಮೇಷ್ಟ್ರು ದಪ್ಪ ಗೀರಿನದೊಂದು, ತೆಳು ಗೀರಿನದೊಂದು ಎರಡೂ ಕೈಯಲ್ಲಿ ಹಿಡಿದು ಕೂತುಬಿಟ್ಟರು. "ಅಲ್ಲಮ್ಮ, ಹಿಂದಗಡೆ ತಿರುಗಿಸಿ ಕುಯ್ದಿದ್ರೆ ಆಗ್ತಿರಲಿಲ್ವಾ? ಮುಖಾನಾದ್ರೂ ಉಳೀತಿತ್ತು."

"ಇಂದ್ಗಡೆ ಪೂರಾ ಅಕ್ಸರ ಅಲ್ವಾ ಸಾ!" ಅಜ್ಜಿಗೆ ಇಷ್ಟು ಓದಿದವರು ಇಂಥದ್ದನ್ನು ಕೇಳುತ್ತಾರಲ್ಲ ಅಂತ ಆಶ್ಚರ್ಯ. "ಅಕ್ಸರದ ಮ್ಯಾಲೆ ಕುಡ್ಲು ಮಡಗಾಕಾಯ್ತದಾ? ಸರಸ್ವತಿ. ಆ ಮಗೀಗೆ ನಾಳೆ ನಾಕಕ್ಸರ ತಲೆಗತ್ತಬ್ಯಾಡ್ವಾ? ಈ ಕಡೆ ಆದ್ರೆ ರಾಜನ ಕೆನ್ನೆ ನುಣ್ಣಗಿತ್ತು. ಅಲ್ಲೇ ಕುಯ್ತಿದ್ದೆ."

ಅಜ್ಜಿಗೆ ಓದಲು ಬರುವುದಿಲ್ಲ. ಬಸ್ಸಿನ ಬೋರ್ಡನ್ನೂ ನಾನೇ ಓದಿ ಹೇಳಬೇಕು.

ಮೇಷ್ಟ್ರು ನಗತೊಡಗಿದರು. ನಕ್ಕು ನಕ್ಕು ಕೆಮ್ಮು ಬಂತು. ಹೊನ್ನಕ್ಕ ನೀರು ತಂದು ಬೆನ್ನು ತಟ್ಟಿದರು. "ನಲವತ್ತು ವರ್ಷದಲ್ಲಿ ಇಂಥ ಗೀರು ಬಿದ್ದದ್ದು ಎಷ್ಟು ಬಂದಿವೆಯೋ ಇವಳೇ, ಎಲ್ಲ ಬೇಡ ಅಂತ ವಾಪಸ್ ಕಳಿಸಿದೀನಿ. ಹೀಗಂತ ಒಬ್ಬರಾದ್ರೂ ಹೇಳಲಿಲ್ಲ."

"ನೀವು ಕೇಳಿದ್ರಾ?" ಅಂದರು ಹೊನ್ನಕ್ಕ.

ಮೇಷ್ಟ್ರು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. ಗೀರು ಬಿದ್ದ ನಾಣ್ಯವನ್ನು ಸಂಗ್ರಹಕಾರರು ಯಾರೂ ಕೊಳ್ಳುವುದಿಲ್ಲ. ಗೀರು ರಾಜನ ಕಿವಿಯಿಂದ ಇಳಿದು ಹಂದಿಯ ಬೆನ್ನಿನವರೆಗೂ ಬಂದಿದೆ. ಇಪ್ಪತ್ತೆರಡರ ಮಾತು ಮುಗಿಯಿತು. "ನನಗೋಸ್ಕರ ಅಂತ ಬೇಕಾದ್ರೆ ನಾಲ್ಕು ಸಾವಿರ ಕೊಡ್ತೀನಿ. ಇದನ್ನ ಮತ್ತೆ ಮಾರೋಕೆ ನನಗೂ ಆಗಲ್ಲ, ಇಟ್ಕೊಳ್ಳೋಕೆ ಅಷ್ಟೆ. ಉಳಿದದ್ದನ್ನ ಈಗ ಮಾರಬೇಡಿ. ಯುಗಾದಿ ಹೊತ್ತಿಗೆ ಬೆಳ್ಳಿ ಮತ್ತೆ ಏರುತ್ತೆ, ಬರೆದಿಟ್ಕೊಳ್ಳಿ."

ಕಾಂತರಾಜು ಕೊಡುವುದಕ್ಕಿಂತ ಸಾವಿರದ ಆರುನೂರು ಹೆಚ್ಚು. ಅಜ್ಜಿಯ ಮುಖ ನೋಡಿದೆ. "ನೀನೇ ಹೇಳು," ಅನ್ನುವಂತೆ ಗಲ್ಲ ಎತ್ತಿದಳು.

"ಕೊಡ್ತೀವಿ ಸರ್," ಅಂದೆ. ದನಿ ನನಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಬೇಕಾಯಿತು.

ವಾಪಸ್ ಬರುವ ಬಸ್ಸು ಖಾಲಿ ಇತ್ತು. ಕಿಟಕಿಯಾಚೆ ಭತ್ತ ಕೊಯ್ದ ಗದ್ದೆಗಳು. ಸುಮಾರು ದೂರ ಬಂದ ಮೇಲೆ ಅಜ್ಜಿಗೆ ಹೇಳಿದೆ: ಮೇಷ್ಟ್ರು ಮುಖದ ಕಡೆಯ ಫೋಟೋ ಕೇಳಿದ್ದರು, ನಾನು ತೆಗೆದೂ ಕಳಿಸಲಿಲ್ಲ. ಕಳಿಸಿದ್ದರೆ ಅವತ್ತೇ ಬೇಡ ಅಂದುಬಿಡುತ್ತಿದ್ದರು. ಬೇಡ ಅಂದಿದ್ದರೆ ಗುರುವಾರವೇ ಎಲ್ಲ ಮಾರಿಬಿಡುತ್ತಿದ್ದೆವು.

"ಯಾಕೆ ಕಳಿಸ್ನಿಲ್ಲ?"

ಉತ್ತರ ನನಗೆ ಗೊತ್ತಿತ್ತು. ಹೇಳಲು ಎರಡು ಊರು ದಾಟಬೇಕಾಯಿತು. ದಿನಾ ಸಂಜೆ ಡಬ್ಬ ತೆರೆದು ಕೂರುವುದು ನನಗೆ ಇಷ್ಟವಾಗಿತ್ತು. ಮಾರಿಬಿಟ್ಟರೆ ಕರಗಿಸುತ್ತಾರೆ. ಕಾಯುವುದಕ್ಕೆ ಒಂದು ಕಾರಣ ಬೇಕಿತ್ತು, ಹಂದಿ ಸಿಕ್ಕಿತು. ಬೆಲೆ ಬೆಲೆ ಅಂತ ನಾನು ಅಪ್ಪನಿಗೆ ಹೇಳಿದ್ದೆಲ್ಲ ಮೇಲುಮಾತು.

ಅಜ್ಜಿ ಕೇಳಿಸಿಕೊಂಡಳು. ಬೈಯಲಿಲ್ಲ.

"ನಿಂಗೊಂದು ಬೇಕಾಗಿತ್ತಾ?"

"ಹೂಂ."

"ಬಾಯ್ಬುಟ್ಟು ಕೇಳಿದ್ರೆ ಒಂದ ಕೊಡ್ತಿರ್ನಿಲ್ವಾ ನಾನು? ಒಂದು ಕೇಳಾಕೆ ನಾಚ್ಕೊಂಡು ನಲವತ್ಮೂರನ್ನೂ ಇಡ್ಕೊಂಡು ಕುಂತಲ್ಲೇ!"

ಮುಂದಿನ ಸೀಟಿನವನು ತಿರುಗಿ ನೋಡಿದ. ಅಜ್ಜಿ ಅವನಿಗೆ, "ನಮ್ಮ ಮನೆ ಮಾತು ಕಣಪ್ಪ," ಅಂದಳು.

ಮನೆಯಲ್ಲಿ ಅಪ್ಪನಿಗೂ ಅದನ್ನೇ ಹೇಳಿದೆ. ಹೇಳುವುದಕ್ಕೆ ಮುಂಚೆ ಅಡುಗೆಮನೆಗೆ ಎರಡು ಸಲ ಹೋಗಿ ಬಂದೆ. ಅಪ್ಪ ಕೈಕಾಲು ತೊಳೆಯುತ್ತಿದ್ದವನು ಚೊಂಬು ಕೆಳಗಿಟ್ಟು ನಿಂತ. "ಮೂವತ್ತು ಸಾವ್ರ ಓಯ್ತು," ಅಂದ. ನನಗಲ್ಲ, ಚೊಂಬಿಗೆ. ಆಮೇಲೆ ಟವಲಿನಿಂದ ಮುಖ ಒರೆಸಿಕೊಂಡು, "ಓಗ್ಲಿ ಬುಡು. ನನ್ನ ಕೈಯಲ್ಲಿದ್ದಿದ್ರೆ ಎರಡು ಸಾವಿರದ ಏಳ್ನೂರಕ್ಕೇ ಮಾರಿ, ಗುರುವಾರ ನಾನೇ ಕುಂತ್ಕೊಂಡು ಎದೆ ಬಡ್ಕೋತಿದ್ದೆ," ಅಂದ. ಅದು ಸುಳ್ಳು ಸಮಾಧಾನ ಅಂತ ಇಬ್ಬರಿಗೂ ಗೊತ್ತಿತ್ತು. ಎರಡು ಸಾವಿರದ ಏಳುನೂರಕ್ಕೆ ಮಾರಿದ್ದರೆ ಆಟೋ ಅಷ್ಟೊತ್ತಿಗೆ ನಮ್ಮದಾಗಿರುತ್ತಿತ್ತು.

"ಈಗೇನ್ ಮಾಡಾಣ? ಯುಗಾದಿ ವೊತ್ಗೆ ಏರ್ತದೆ ಅಂದ್ರಂತಲ್ಲ ಮೇಷ್ಟ್ರು?"

ಗುಂಪಿನಲ್ಲೂ ಎಲ್ಲರೂ ಅದನ್ನೇ ಬರೆಯುತ್ತಿದ್ದರು. ಇದು ಬಿದ್ದದ್ದಲ್ಲ, ಉಸಿರು ತಗೊಳ್ಳುತ್ತಿದೆ. ಈಗ ಮಾರುವವರು ದಡ್ಡರು. ಕೊಳ್ಳುವ ಹೊತ್ತು ಇದು. ಅವರು ಹೇಳುವುದು ನಿಜವೂ ಇರಬಹುದು. ಆದರೆ ಅವರು ಯಾರೂ ಶಿವರಾತ್ರಿಯೊಳಗೆ ಆಟೋ ಕೊಳ್ಳಬೇಕಾದವರಲ್ಲ. ಬೆಳ್ಳಿ ನಾಳೆ ಎಷ್ಟಾಗುತ್ತದೆ ಅನ್ನುವುದು ನನಗೆ ಗೊತ್ತಿಲ್ಲ, ಯಾವತ್ತೂ ಗೊತ್ತಿರಲಿಲ್ಲ. ಆಟೋದ ಬೆಲೆ ಮಾತ್ರ ಗೊತ್ತು, ಅದರ ದಿನವೂ ಗೊತ್ತು.

"ನಾಳೆ ಮಾರೋಣ ಅಪ್ಪಾ," ಅಂದೆ. "ಇಷ್ಟು ದಿನ ನಾನು ನೋಡಬೇಕಾದ ಬೆಲೆ ಬಿಟ್ಟು ಬೇರೆ ಬೆಲೆ ನೋಡ್ತಿದ್ದೆ."

ಸೋಮವಾರ ಮೂವರೂ ಹಾಸನಕ್ಕೆ ಹೋದೆವು. ಕಾಂತರಾಜು ನಮ್ಮನ್ನು ನೋಡುತ್ತಲೇ, "ಗುರುವಾರ ಬರಬಾರದಿತ್ತಾ ಅರುಣಣ್ಣ?" 	ಅಂದರು. ಅಪ್ಪ ನನ್ನ ಕಡೆ ನೋಡದೆ, "ಲೋಡಿತ್ತು ಸಾ," ಅಂದ.

ಅವತ್ತಿನ ರೇಟು ಎರಡು ಸಾವಿರದ ನಾನೂರೈವತ್ತು. ಅವರು ತಕ್ಕಡಿಗೆ ಸುರಿಯುವ ಮುಂಚೆ ಅಜ್ಜಿ ಡಬ್ಬದೊಳಗೆ ಕೈಹಾಕಿ ಒಂದು ರೂಪಾಯಿ ತೆಗೆದು ನನ್ನ ಮುಂದೆ ಹಿಡಿದಳು. ದಪ್ಪ ಗೀರಿನದು. "ತಕೊ."

ತಗೊಂಡರೆ ಎರಡು ಸಾವಿರದ ನಾನೂರೈವತ್ತು ಕಡಿಮೆ. ಆಗಲೇ ಎಂಟು ಸಾವಿರದ ನೂರು ಕಡಿಮೆ ಬೀಳುತ್ತಿತ್ತು.

"ಬೇಡ ಅಜ್ಜಿ."

"ಆಮೇಲೆ ಬೇಕು ಅನ್ಬಾರ್ದು."

"ಅನ್ನಲ್ಲ."

ಅಜ್ಜಿ ಅದನ್ನು ತಕ್ಕಡಿಗೆ ಹಾಕಿದಳು. ನಲವತ್ತೆರಡೂ ಸೇರಿ ನಾನೂರ ಎಂಬತ್ತನಾಲ್ಕು ಗ್ರಾಂ ಬಂತು.

"ನಲವತ್ತೆರಡು ಮಕ್ಳು ಸೇರಿ ಅರ್ಧ ಕೇಜಿನೂ ತೂಗ್ನಿಲ್ಲ," ಅಂದಳು.

ಕಾಂತರಾಜು ಏನು ಅಂತ ಕೇಳಿ, ವಿಷಯ ತಿಳಿದು, ಗೀರೊಂದರ ಮೇಲೆ ಹೆಬ್ಬೆರಳಾಡಿಸಿದರು. "ನಾನು ಹುಟ್ಟಿದ್ದು ಆಸ್ಪತ್ರೇಲಿ ಅಜ್ಜಿ. ಸೆಂಟಿಮೆಂಟ್ ಹಾಕಿ ಐವತ್ತು ರೂಪಾಯಿ ಏರಿಸೋಣ ಅಂತಿದ್ರೆ ಆಗಲ್ಲ, ಈಗ್ಲೇ ಹೇಳ್ತೀನಿ."

"ಏರಿಸ್ಬೇಡ ಕಣಪ್ಪ. ಮಕ್ಳೆಲ್ಲ ಊರೂರಲ್ಲಿ ಚೆಂದಾಗವ್ರೆ. ಇದು ಬರೀ ಬೆಳ್ಳಿ. ಕರಗ್ಸು."

ನಾನು ಬಾಗಿಲ ಕಡೆ ತಿರುಗಿ ನಿಂತೆ. ಇಷ್ಟು ದಿನ ಕರಗಿಸುವುದನ್ನು ನೆನೆದು ಸಂಕಟಪಟ್ಟವಳು ನಾನೊಬ್ಬಳೇ. ಆ ರೂಪಾಯಿಗಳ ಮೇಲೆ ಕೈ ನಡುಗದಂತೆ ಕುಯ್ದವಳಿಗೆ ಅಂಥ ಸಂಕಟವೇನೂ ಇರಲಿಲ್ಲ.

ಕೈಗೆ ಬಂದದ್ದು ಒಂದು ಲಕ್ಷದ ಎರಡು ಸಾವಿರದ ಒಂಬೈನೂರು. ಮೇಷ್ಟ್ರ ನಾಲ್ಕು ಸಾವಿರ, ಅಪ್ಪನ ಇಪ್ಪತ್ತೈದು. ಒಟ್ಟು ಒಂದು ಲಕ್ಷದ ಮೂವತ್ತೊಂದು ಸಾವಿರದ ಒಂಬೈನೂರು. ಬಸ್ಸಿನಲ್ಲಿ ಅಪ್ಪ, "ಚೆನ್ನಯ್ಯಣ್ಣನ್ನ ನಾ ಎಂಗೆ ಕೇಳ್ಲಿ? ಒಂಬತ್ತು ವರ್ಸ ಅನ್ನ ಆಕವ್ನೆ," ಅಂದ. ಚನ್ನರಾಯಪಟ್ಟಣದವನಿಗಿಂತ ಐದು ಸಾವಿರ ಆಗಲೇ ಕಡಿಮೆ ಹೇಳಿದವನ ಹತ್ತಿರ ಇನ್ನೂ ಎಂಟು ಕೇಳುವ ಬಾಯಿ ಅಪ್ಪನಿಗಿಲ್ಲ.

"ನಾನು ಕೇಳ್ತೀನಿ," ಅಂದೆ.

ಅಪ್ಪ ನಂಬಲಿಲ್ಲ. ನನಗೂ ಅಷ್ಟೇನೂ ನಂಬಿಕೆ ಇರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಹೊರಡುವಾಗ ಅಜ್ಜಿ ಬಾಗಿಲಲ್ಲಿ ತಡೆದಳು. "ಚೆನ್ನಯ್ಯನ ದೊಡ್ಮಗನ ರೂಪಾಯೂ ಆ ಡಬ್ಬದಾಗಿತ್ತು. ನಾನೇ ಎರಿಗೆ ಮಾಡ್ಸಿದ್ದು. ಆದ್ರೆ ಆ ಮಾತ ಎತ್ಬೇಡ. ಅದಕ್ಕೆ ಅವ್ರು ಅವತ್ತೇ ಕೊಟ್ಟವ್ರೆ."

ಚೆನ್ನಯ್ಯ ಮಾವನ ಗೇಟಿನ ಮುಂದೆ ಒಂದು ಸಲ ಸುಮ್ಮನೆ ಹಾದು ಹೋದೆ. ಎರಡನೇ ಸಲ ಹಾದು ಹೋಗುವಾಗ ಅವನೇ ಜಗಲಿಯಿಂದ, "ಯಾರದು, ಅರುಣನ ಮಗಳಾ? ಏನ್ ಕಳಕಂಡವ್ವಾ?" ಅಂದ. ಇನ್ನು ಒಳಗೆ ಹೋಗದೆ ವಿಧಿಯಿರಲಿಲ್ಲ.

"ಮಾವ, ಆಟೋ ಒಂದು ನಲವತ್ತು ಬಾಳಲ್ಲ," ಅಂದೆ. ಬೇರೆ ಹೇಗೋ ಶುರು ಮಾಡಬೇಕು ಅಂತ ದಾರಿಯುದ್ದಕ್ಕೂ ಯೋಚಿಸಿದ್ದು ಎಲ್ಲ ಮರೆತುಹೋಗಿತ್ತು.

ಮಾವ ಪೇಪರು ಮಡಚಿದ. "ಅಂಗಂತ ಯಾರಂದ್ರು?"

"ಹಿಂದಿನ ಎರಡೂ ಟೈರು ಸವೆದು ನುಣ್ಣಗಾಗಿವೆ. ಸೆಲ್ಫು ಹಿಡಿಯಲ್ಲ, ಬೆಳಿಗ್ಗೆ ಇಬ್ಬರು ತಳ್ಳಬೇಕು. ಮೂರನೇ ಗೇರು ಜಾರುತ್ತೆ. ಸೈಲೆನ್ಸರು ತಂತಿ ಕಟ್ಟಿ ನಿಲ್ಲಿಸಿದ್ದು. ಹ್ಯಾಂಡ್ ಬ್ರೇಕು ಇಲ್ಲವೇ ಇಲ್ಲ, ಇಳಿಜಾರಲ್ಲಿ ನಿಲ್ಲಿಸಿದರೆ ಚಕ್ರಕ್ಕೆ ಕಲ್ಲು ಕೊಡಬೇಕು. ಮಳೆಗಾಲದಲ್ಲಿ ಸೀಟಿನ ಮೇಲೆ ಸೋರುತ್ತೆ. ಎಡಗಡೆ ಕನ್ನಡಿ ಹೋದ ದಸರಾದಲ್ಲೇ ಬಿದ್ದುಹೋಯಿತು."

ಉಸಿರು ತಗೊಳ್ಳಲು ನಿಲ್ಲಿಸಿದೆ. ಅಷ್ಟು ಉದ್ದ ನಾನು ಯಾರ ಎದುರೂ ಮಾತಾಡಿರಲಿಲ್ಲ.

"ಇದೆಲ್ಲ ನಿಂಗೆಂಗೆ ಗೊತ್ತು?"

"ಅಪ್ಪ ದಿನಾ ಊಟಕ್ಕೆ ಕೂತಾಗ ಹೇಳ್ತಿತ್ತು ಮಾವ."

"ಒಂಬತ್ತು ವರ್ಸದಲ್ಲಿ ನನ್ನ ಎದ್ರುಗೆ ಒಂದಿನ ಉಸಿರೆತ್ನಿಲ್ವಲ್ಲೇ ನಿಮ್ಮಪ್ಪ! ಎಂಗೈತ್ಲಾ ಗಾಡಿ ಅಂದ್ರೆ, ಕುದ್ರೆ ಕಣಣ್ಣ, ಅಂತಿದ್ದ."

"ಮನೇಲಿ ಕತ್ತೆ ಅಂತಿತ್ತು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮಾವ ಹೊಟ್ಟೆ ಕುಣಿಸಿಕೊಂಡು ನಕ್ಕ. ಒಳಗೆ ತಿರುಗಿ, "ಲೇ, ಕೇಳಿಲ್ಲಿ, ನಮ್ ಗಾಡಿ ಕತ್ತೆಯಂತೆ!" ಅಂತ ಕೂಗಿದ. ಒಳಗಿಂದ, "ನಾನು ಯಾವತ್ತೋ ಅಂದಿದ್ದೆ," ಅಂತ ಹೆಂಗಸಿನ ದನಿ ಬಂತು.

"ಸರಿ ಕಣವ್ವಾ," ಅಂದ ಮಾವ. "ಆ ಚನ್ನರಾಯಪಟ್ಟಣದೋನು ಗಾಡಿ ನೋಡಾಕೆ ಇನ್ನೂ ಬಂದಿಲ್ಲ. ಬಂದು ತಳ್ಳಿ ನೋಡಿದ್ರೆ ಅವನೂ ಇದ್ನೇ ಏಳ್ತಾನೆ. ಒಂದು ಮೂವತ್ತೆರಡಕ್ಕೆ ಮುಗಿಸು."

"ನೂರು ರೂಪಾಯಿ ಕಮ್ಮಿ ಇದೆ ಮಾವ."

"ಆಂ?"

"ನಮ್ಮ ಹತ್ತಿರ ಇರೋದು ಮೂವತ್ತೊಂದು ಸಾವಿರದ ಒಂಬೈನೂರು. ಒಂದು ಲಕ್ಷದ ಮೇಲೆ."

ಮಾವ ಹಣೆಗೆ ಕೈ ಹಚ್ಚಿದ. "ಬಾಯಿಲ್ಲದ ಮಗ ಅಂತಿದ್ರಲ್ಲೇ ಬೀದಿಯೋರೆಲ್ಲ ನಿನ್ನ! ಓಗು, ಆ ನೂರಕ್ಕೆ ನಿಮ್ಮಪ್ಪ ನನ್ ತ್ವಾಟದಿಂದ ಒಂದ್ ಲೋಡು ತೆಂಗಿನಗರಿ ಒಡೀಲಿ."

ನೆಟ್ಟಗೆ ಮನೆಗೆ ಬಂದೆ. ಅಪ್ಪನಿಗೆ ಬೆಲೆ ಹೇಳಿದೆ. ಹೇಗೆ ಇಳಿಸಿದೆ ಅಂತ ಕೇಳಿದ. ಅದನ್ನೂ ಹೇಳಿದೆ.

"ಎಲ್ಲಾ ಏಳ್ಬುಟ್ಯಾ? ಸೈಲೆನ್ಸರ್ದೂವೇ?"

"ಹೂಂ."

"ಕತ್ತೆ ಅಂದದ್ದೂ?"

"ಅದು ಬಾಯಿ ತಪ್ಪಿ ಬಂತು."

ಅಪ್ಪ ಎರಡು ದಿನ ಚೆನ್ನಯ್ಯ ಮಾವನ ಮುಖ ನೋಡಲು ನಾಚಿಕೊಂಡು ಬೇರೆ ಬೀದಿಯಲ್ಲಿ ಓಡಾಡಿದ. ಮೂರನೇ ದಿನ ದುಡ್ಡು ಕೊಟ್ಟು, ಕಾಗದಕ್ಕೆ ರುಜು ಹಾಕಿಸಿಕೊಂಡು, ಗರಿಯ ಲೋಡು ಹೊಡೆದು ಬಂದ. ಶಿವರಾತ್ರಿಗೆ ಇನ್ನೂ ನಾಲ್ಕು ದಿನವಿತ್ತು. ಅಷ್ಟರಲ್ಲಿ ಬೆಳ್ಳಿ ಒಂದಕ್ಕೆ ನೂರೈವತ್ತು ಏರಿದೆ ಅಂತ ಗುಂಪಿನಲ್ಲಿ ಬಂತು. ಓದಿದೆ. ದಿನಚರಿಯಲ್ಲಿ ಬರೆಯಲಿಲ್ಲ.

ಮಾರನೇ ಬೆಳಿಗ್ಗೆ ಅಮ್ಮನೂ ನಾನೂ ಆಟೋ ತಳ್ಳುತ್ತಿದ್ದೆವು. ಮೂರನೇ ಸಲ ತಳ್ಳಿದಾಗ ಎಂಜಿನ್ ಹಿಡಿಯಿತು. ಅಪ್ಪ ಇಳಿದು ಬಂದು, ರೂಢಿಯಂತೆ ಹಿಂದಿನ ಟೈರಿಗೆ ಒಂದು ಒದೆ ಕೊಟ್ಟು, "ಇದ್ನ ಮೊದ್ಲು ಬದ್ಲಾಯ್ಸ್ಬೇಕು ಅಂತ ಬಡ್ಕಂಡೆ, ಯಾವನ್ ಕೇಳ್ತಾನೆ," ಅಂತ ಗೊಣಗಿದ. ಆಮೇಲೆ ತಾನೇ ಸುಮ್ಮನಾಗಿ, ಟೈರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಂದು ಟೈರಿಗೆ ಎಷ್ಟಾಗುತ್ತದೆ ಅಂತ ನನ್ನನ್ನು ಕೇಳಿದ.